ಇಳಕಲ್ ಸೀರೆ, ಒಂದು ಫೋನು ಮತ್ತು "ರೇಟ್ ಎಷ್ಟ್ರಿ?"

ನಮ್ಮ ಅಂಗಡಿಯ ಇನ್‌ಸ್ಟಾಗ್ರಾಂನಲ್ಲಿ ಅತಿ ಜಾಸ್ತಿ ಜನ ನೋಡಿದ್ದು ಒಂದು ಬೆಕ್ಕಿನ ವಿಡಿಯೊ. ಕುಣಿಮಗ್ಗದ (ನೆಲದ ಗುಂಡಿಯಲ್ಲಿ ಕಾಲಿಟ್ಟು ನೇಯುವ ಮಗ್ಗ) ಪಕ್ಕ ಕೂತಿದೆ, ಲಾಳಿ ಅತ್ತಿಂದಿತ್ತ ಓಡಿದ ಹಾಗೆಲ್ಲ ಅದರ ತಲೆಯೂ ಓಡುತ್ತದೆ. ಎಲ್ಲೆಲ್ಲಿಂದಲೋ ಜನ ಬಂದು ಹಾರ್ಟ್ ಒತ್ತಿ ಹೋದರು. ಅದರಿಂದ ಒಂದು ಸೀರೆಯೂ ಹೋಗಲಿಲ್ಲ. ಅದೇ ವಾರ ವಾಟ್ಸಾಪ್ ಸ್ಟೇಟಸ್‌ಗೆ ಗೋಮಿ ದಡಿಯ (ಇಳಕಲ್ ಸೀರೆಯ ಒಂದು ಬಗೆಯ ಅಂಚು) ಒಂದು ಸೀರೆಯ ಫೋಟೊ ಹಾಕಿದ್ದೆ. ಹಾಡಿಲ್ಲ, ಅಲಂಕಾರವಿಲ್ಲ. ಕೆಳಗೆ ಬೆಲೆ ಮಾತ್ರ. ಸಂಜೆಯೊಳಗೆ ಆ ಸೀರೆ ಮಾರಾಟವಾಯಿತು.

ಊರಿನ ಸಣ್ಣ ಅಂಗಡಿಯವರು ಸೋಶಿಯಲ್ ಮೀಡಿಯಾ ಅಂದರೆ ರೀಲ್ಸ್ ಮಾಡುವುದು ಅಂದುಕೊಂಡಿರುತ್ತಾರೆ. ನನ್ನ ಮಟ್ಟಿಗೆ ಅದು ಗಿರಾಕಿಗೆ ಉತ್ತರ ಕೊಡುವ ಕೆಲಸ. ರೀಲ್ಸ್ ಆಮೇಲೆ.

ನಾನು ಇಳಕಲ್ಲಿನ ಸೀರೆ ಮನೆತನದ ಸೊಸೆ. ಮಾವ ನೇಕಾರರಿಗೆ ನೂಲು ಕೊಟ್ಟು ನೇಯಿಸುತ್ತಾರೆ, ನಮ್ಮ ಯಜಮಾನರು ಅಂಗಡಿ ನೋಡುತ್ತಾರೆ. 2020ರಲ್ಲಿ ಲಾಕ್‌ಡೌನ್ ಆಗಿ ಮದುವೆ, ಜಾತ್ರೆ ಎಲ್ಲ ನಿಂತಾಗ ನೇಯ್ದ ಸೀರೆ ಕಪಾಟಿನಲ್ಲೇ ಉಳಿಯಿತು. ಆಗ ಫೋನು ನನ್ನ ಕೈಗೆ ಬಂತು. ಮಾವ ಕೇಳಿದ್ದು ಒಂದೇ ಮಾತು: "ಮುಟ್ಟಿ ನೋಡಲಾರ್ದ ಸೀರಿ ಯಾರ್ ತಗೋತಾರವಾ?"

ಸರಿಯಾದ ಪ್ರಶ್ನೆ. ಮುಂದೆ ನಾನು ಮಾಡಿದ್ದೆಲ್ಲ ಅದಕ್ಕೆ ಉತ್ತರ ಹುಡುಕುವ ಕೆಲಸವೇ.

ಅಂಗಡಿಗೆ ಬಂದ ಗಿರಾಕಿ ಮೊದಲು ಸೆರಗು ತಿರುಗಿಸಿ ನೋಡುತ್ತಾರೆ. ತಿಳಿದವರಾದರೆ ಸೆರಗು ಮೈಗೆ ಸೇರುವ ಕಡೆ ಬೆರಳಾಡಿಸುತ್ತಾರೆ. ಇಳಕಲ್ ಸೀರೆಯಲ್ಲಿ ಮೈಯ ಹಾಸೇ (ಮಗ್ಗದ ಮೇಲೆ ಉದ್ದಕ್ಕೆ ಎಳೆದ ನೂಲು) ಬೇರೆ, ಸೆರಗಿನ ಹಾಸೇ ಬೇರೆ. ಎರಡನ್ನೂ ಎಳೆ ಎಳೆಯಾಗಿ ಕುಣಿಕೆ ಹಾಕಿ ಜೋಡಿಸುತ್ತಾರೆ. ಇದಕ್ಕೆ ನಮ್ಮಲ್ಲಿ ತೋಪ್ ತೆನಿ ಅನ್ನುತ್ತಾರೆ. ಪ್ರತಿ ಸೀರೆಗೂ ಈ ಜೋಡಣೆ ಹೊಸದಾಗಿ ಆಗಬೇಕು. ಹಾಗಾಗಿ ನಾನು ಪ್ರತಿ ಕೈಮಗ್ಗದ ಸೀರೆಗೂ ಆ ಜೋಡಣೆಯ ಹತ್ತಿರದ ವಿಡಿಯೊ ತೆಗೆಯುತ್ತೇನೆ. ಮುಂಭಾಗ, ಹಿಂಭಾಗ ಎರಡೂ. ಹದಿನೈದು ಸೆಕೆಂಡು ಸಾಕು. ನೋಡಲು ಏನೂ ಚೆಂದವಿಲ್ಲ, ಆದರೆ "ಇದು ಖರೇನ ಕೈಮಗ್ಗದ್ದೇನ್ರಿ?" ಅನ್ನುವವರ ಬಾಯಿ ಮುಚ್ಚಿಸುವುದು ಅದೇ.

ಪವರ್‌ಲೂಮ್ ಸೀರೆಯೂ ನಮ್ಮಲ್ಲಿ ಇದೆ. ಮುಚ್ಚಿಡುವಂಥದ್ದೇನಿದೆ? ದಿನನಿತ್ಯ ಉಡಲು ಕಡಿಮೆ ಬೆಲೆಯ ಸೀರೆ ಬೇಕು ಅನ್ನುವವರು ಬಹಳ ಜನ. ಫೋಟೊದಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ತೊಂದರೆ ಇರುವುದು ಅಲ್ಲೇ. ಆದ್ದರಿಂದ ಪ್ರತಿ ಪೋಸ್ಟಿನ ಮೊದಲ ಸಾಲಿನಲ್ಲಿ ಕೈಮಗ್ಗವೋ ಪವರ್‌ಲೂಮೋ ಅಂತ ಬರೆಯುತ್ತೇನೆ. ಎರಡನೇ ಸಾಲಿನಲ್ಲಿ ಮೈ ಹತ್ತಿಯೋ ರೇಷ್ಮೆಯೋ, ಸೆರಗು ಅಸಲಿ ರೇಷ್ಮೆಯೋ ಅಲ್ಲವೋ ಅಂತ. ಮೂರನೆಯದರಲ್ಲಿ ಬೆಲೆ.

ಈಗ ಬೆಲೆಯ ವಿಷಯಕ್ಕೆ ಬರೋಣ, ಏಕೆಂದರೆ ನಮ್ಮ ಮನೆಯಲ್ಲಿ ಅತಿ ಹೆಚ್ಚು ಜಗಳ ಆದದ್ದು ಇದಕ್ಕೇ.

ಇನ್‌ಸ್ಟಾಗ್ರಾಂನಲ್ಲಿ ಹೆಚ್ಚಿನ ಸೀರೆ ಅಂಗಡಿಗಳು ಬೆಲೆ ಹಾಕುವುದಿಲ್ಲ. "ಡಿಎಂ ಮಾಡಿ", ಅಂದರೆ ಖಾಸಗಿ ಸಂದೇಶ ಕಳಿಸಿ ಕೇಳಿ ಅನ್ನುತ್ತಾರೆ. ಕಾಮೆಂಟ್ ಜಾಸ್ತಿ ಬಂದರೆ ಪೋಸ್ಟ್ ಹೆಚ್ಚು ಜನರಿಗೆ ತಲುಪುತ್ತದೆ ಅನ್ನುವ ಲೆಕ್ಕ ಒಂದು. ಪಕ್ಕದ ಅಂಗಡಿಯವರಿಗೆ ರೇಟ್ ಗೊತ್ತಾಗಬಾರದು ಅನ್ನುವುದು ಇನ್ನೊಂದು. ಮೂರನೆಯದು ರೀಸೆಲ್ಲರ್ ಅಕ್ಕಂದಿರು. ಬೆಂಗಳೂರು, ಹುಬ್ಬಳ್ಳಿ, ಮೈಸೂರಿನಲ್ಲಿ ಮನೆಯಿಂದಲೇ ಸೀರೆ ಮಾರುವ ಹೆಂಗಸರು ನಮ್ಮ ಫೋಟೊ ತೆಗೆದುಕೊಂಡು, ತಮ್ಮ ಲಾಭ ಸೇರಿಸಿ, ತಮ್ಮ ಗುಂಪುಗಳಲ್ಲಿ ಹಾಕುತ್ತಾರೆ. ನಾನು ಬೆಲೆ ಬಹಿರಂಗ ಮಾಡಿದರೆ ಅವರ ಹೊಟ್ಟೆಗೆ ಹೊಡೆದ ಹಾಗೆ. ಆದರೆ ಬೆಲೆ ಹಾಕದಿದ್ದರೆ ನನ್ನ ಇಡೀ ದಿನ "ರೇಟ್ ಎಷ್ಟ್ರಿ?" ಅನ್ನುವುದಕ್ಕೆ ಉತ್ತರಿಸುವುದರಲ್ಲೇ ಮುಗಿಯುತ್ತದೆ. ಕೇಳಿದವರಲ್ಲಿ ಮುಕ್ಕಾಲು ಜನ ಬೆಲೆ ಕೇಳಿ ಸುಮ್ಮನಾಗುತ್ತಾರೆ. ಕೇಳಲು ನಾಚಿಕೆಪಟ್ಟು ಸುಮ್ನೆ ಹೋದವರ ಲೆಕ್ಕ ಸಿಗುವುದೇ ಇಲ್ಲ.

ಕೊನೆಗೆ ಹೀಗೆ ಮಾಡಿದೆವು. ಎಲ್ಲರಿಗೂ ಕಾಣುವ ಕಡೆ ಅಂಗಡಿಯ ಬಿಡಿ ಮಾರಾಟದ ಬೆಲೆ. ರೀಸೆಲ್ಲರ್‌ಗಳಿಗೆ ವಾಟ್ಸಾಪ್‌ನಲ್ಲಿ ಬೇರೆ ಬ್ರಾಡ್‌ಕಾಸ್ಟ್ ಪಟ್ಟಿ, ಅಂದರೆ ಒಂದೇ ಸಂದೇಶ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೋಗುವ ಪಟ್ಟಿ. ಅದರಲ್ಲಿ ಬೆಲೆ, ಅಂಗಡಿ ಹೆಸರು ಎರಡೂ ಇಲ್ಲದ ಫೋಟೊ ಮತ್ತು ಅವರಿಗೆ ಕೊಡುವ ರೇಟ್. ನಾವು ಬಿಡಿಯಾಗಿ ಮಾರುವ ಬೆಲೆಗಿಂತ ಕೆಳಗೆ ಅವರು ಮಾರಬಾರದು, ಅವರ ರೇಟಿಗೆ ನಾವು ಬಿಡಿ ಮಾರುವುದಿಲ್ಲ. ಈ ಮಾತನ್ನು ಮೊದಲೇ ಆಡಿಕೊಂಡೆವು. ಕೆಲವರು ಬಿಟ್ಟು ಹೋದರು. ಉಳಿದವರು ಗಟ್ಟಿಯಾಗಿ ಉಳಿದರು.

ಬ್ರಾಡ್‌ಕಾಸ್ಟ್ ಬಗ್ಗೆ ಒಂದು ಮಾತು, ಬಹಳ ಜನಕ್ಕೆ ಇದು ಗೊತ್ತಿರುವುದಿಲ್ಲ. ಒಂದು ಪಟ್ಟಿಗೆ 256 ಜನ ಮಾತ್ರ. ಅವರೂ ನಿಮ್ಮ ನಂಬರ್ ಸೇವ್ ಮಾಡಿಕೊಂಡಿರಬೇಕು, ಇಲ್ಲದಿದ್ದರೆ ಸಂದೇಶ ತಲುಪುವುದೇ ಇಲ್ಲ. ಸ್ಟೇಟಸ್ ಕೂಡ ಅಷ್ಟೇ, ಇಬ್ಬರ ಫೋನಿನಲ್ಲೂ ನಂಬರ್ ಸೇವ್ ಆಗಿರಬೇಕು. ಆದ್ದರಿಂದ ಪ್ರತಿ ಪಾರ್ಸೆಲ್ ಒಳಗೆ "ಹೊಸ ಸೀರೆ ನೋಡಲು ಈ ನಂಬರ್ ಸೇವ್ ಮಾಡಿಕೊಳ್ಳಿ" ಅನ್ನುವ ಚೀಟಿ ಇಡುತ್ತೇನೆ. ಜಾಹೀರಾತಿಗೆ ಕೊಟ್ಟ ದುಡ್ಡಿಗಿಂತ ಈ ಚೀಟಿಯಿಂದ ಬಂದ ವ್ಯಾಪಾರ ಜಾಸ್ತಿ. ಗುಂಪು ಮಾಡಬೇಡಿ. ಗುಂಪಿನಲ್ಲಿ ಒಬ್ಬರು ಗುಡ್ ಮಾರ್ನಿಂಗ್ ಹಾಕಿದರೆ ಹತ್ತು ಜನ ಹೊರಟು ಹೋಗುತ್ತಾರೆ.

ಬಣ್ಣದ್ದು ಇನ್ನೊಂದು ತಲೆನೋವು. ನಮ್ಮ ಸೆರಗು ಕೆಂಪು, ಫೋನಿನ ಕ್ಯಾಮೆರಾಕ್ಕೆ ಕೆಂಪು ಕಂಡರೆ ಆಗದು. ಎಳೆಗಳೆಲ್ಲ ಅಳಿಸಿ ಒಂದೇ ಕೆಂಪು ಮುದ್ದೆಯಾಗಿ ಬರುತ್ತದೆ. ಸೆರಗಿನ ಬಿಳಿ ಕೋಟೆ, ಬಾಚಣಿಕೆಯ ವಿನ್ಯಾಸ ಮಾತ್ರ ಹೊಳೆಯುತ್ತದೆ. ನಾನು ಟ್ಯೂಬ್‌ಲೈಟ್ ಕೆಳಗೆ ತೆಗೆಯುವುದಿಲ್ಲ. ಬೆಳಿಗ್ಗೆ ಪಡಸಾಲೆಯ ಬಾಗಿಲ ಹತ್ತಿರ, ನೇರ ಬಿಸಿಲು ಬೀಳದ ಕಡೆ ಹಾಸುತ್ತೇನೆ. ಫೋನಿನ ಪರದೆಯಲ್ಲಿ ಸೆರಗು ಕಾಣುವ ಕಡೆ ಬೆರಳು ಒತ್ತಿ ಹಿಡಿದು ಬೆಳಕು ಸ್ವಲ್ಪ ಇಳಿಸುತ್ತೇನೆ. ಪಕ್ಕಕ್ಕೊಂದು ಬಿಳಿ ಹಾಳೆ ಇಡುತ್ತೇನೆ. ಹಾಳೆ ಹಳದಿಯಾಗಿ ಕಂಡರೆ ಸೀರೆಯ ಬಣ್ಣವೂ ತಪ್ಪಿದೆ ಅಂತಲೇ ಅರ್ಥ. ಫಿಲ್ಟರ್ ಖಂಡಿತ ಬೇಡ. ದುಡ್ಡು ಹಾಕುವ ಮೊದಲು ಬೇಕೆಂದವರಿಗೆ ವಿಡಿಯೊ ಕಾಲ್ ಮಾಡಿ ತೋರಿಸುತ್ತೇನೆ. ಮಧ್ಯಾಹ್ನ ಊಟ ಆದ ಮೇಲಿನ ಹೊತ್ತು ಇದಕ್ಕೇ ಮೀಸಲು. ಹೆಂಗಸರಿಗೆ ಪುರುಸೊತ್ತು ಸಿಗುವುದು ಆಗಲೇ ಅಲ್ವಾ?

ದುಡ್ಡಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಯುಪಿಐ ಸ್ಕ್ರೀನ್‌ಶಾಟ್ ನಂಬಬೇಡಿ. ನಿಮ್ಮ ಬ್ಯಾಂಕ್ ಖಾತೆಯಲ್ಲಿ ದುಡ್ಡು ಕಂಡ ಮೇಲೆ ಪಾರ್ಸೆಲ್ ಕಟ್ಟಿ. ಬದಲಿ ಬೇಕೆಂದರೆ ಪಾರ್ಸೆಲ್ ಬಿಚ್ಚುವ ವಿಡಿಯೊ ಕಳಿಸಬೇಕು ಅಂತ ಮೊದಲೇ ತಿಳಿಸಿ. ವಾಟ್ಸಾಪ್ ಬಿಸಿನೆಸ್ ಆ್ಯಪ್ 2018ರಿಂದ ಇದೆ, ಪುಕ್ಕಟೆ. ಅದರ ಲೇಬಲ್‌ನಲ್ಲಿ "ದುಡ್ಡು ಬಂತು", "ಕಳಿಸಿದ್ದು" ಅಂತ ಗುರುತು ಮಾಡಿಕೊಂಡರೆ ದೀಪಾವಳಿ ಗಡಿಬಿಡಿಯಲ್ಲೂ ತಲೆ ಕೆಡುವುದಿಲ್ಲ.

ಇನ್‌ಸ್ಟಾಗ್ರಾಂ ಉಪಯೋಗವೇ ಇಲ್ಲ ಅಂತಲ್ಲ. ಸೀರೆ ಉಡುವುದನ್ನೇ ಖುಷಿಯಾಗಿ ಹಂಚಿಕೊಳ್ಳುವ ಹೆಂಗಸರ ದೊಡ್ಡ ಬಳಗ ಅಲ್ಲಿದೆ. 2015ರಲ್ಲಿ ಬೆಂಗಳೂರಿನ ಇಬ್ಬರು ಗೆಳತಿಯರು ವರ್ಷಕ್ಕೆ ನೂರು ಸಲ ಸೀರೆ ಉಡೋಣ ಅಂತ ಮಾತಾಡಿಕೊಂಡದ್ದು "ನೂರು ಸೀರೆ ಒಪ್ಪಂದ"ದ ಹ್ಯಾಷ್‌ಟ್ಯಾಗ್ ಆಗಿ ದೇಶವೆಲ್ಲ ಹರಡಿತ್ತು. ಅದೇ ವರ್ಷದಿಂದ ಆಗಸ್ಟ್ 7ನ್ನು ರಾಷ್ಟ್ರೀಯ ಕೈಮಗ್ಗ ದಿನವಾಗಿ ಆಚರಿಸುತ್ತಿದ್ದಾರೆ. ಆ ವಾರ ಮಗ್ಗದ ವಿಡಿಯೊ ಹಾಕಿದರೆ ಹೊಸಬರ ಕಣ್ಣಿಗೆ ಬೀಳುತ್ತದೆ. ಜಾಹೀರಾತಿಗೆ ದುಡ್ಡು ಹಾಕುವುದಾದರೆ ನಾನು ಬೆಂಗಳೂರಿನ ಜೊತೆ ಸೊಲ್ಲಾಪುರ, ಕೊಲ್ಲಾಪುರ, ಪುಣೆಯನ್ನೂ ಆರಿಸುತ್ತೇನೆ. ನಮ್ಮ ಸೀರೆಗೆ ಮಹಾರಾಷ್ಟ್ರದಲ್ಲಿ ಹಳೆಯ ಗಿರಾಕಿಗಳಿದ್ದಾರೆ. ಅಲ್ಲಿ ಇದನ್ನು ಇರ್ಕಲ್ ಅನ್ನುತ್ತಾರೆ, ಹಾಗಾಗಿ ಆ ಹೆಸರಿನ ಹ್ಯಾಷ್‌ಟ್ಯಾಗೂ ಇರಬೇಕು. ಅಕ್ಟೋಬರಿನಲ್ಲಿ ಹೊರದೇಶದ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಒಂದೇ ಬಣ್ಣದ ಹತ್ತಿಪ್ಪತ್ತು ಸೀರೆ ಕೇಳುತ್ತಾರೆ. ಕೈಮಗ್ಗದಲ್ಲಿ ಅಷ್ಟು ಬೇಗ ಆಗುವುದಿಲ್ಲ. ಅದಕ್ಕೇ ಆಗಸ್ಟಿನಲ್ಲೇ "ರಾಜ್ಯೋತ್ಸವದ ಆರ್ಡರ್ ಈಗಲೇ ಹೇಳಿ" ಅಂತ ಹಾಕಿಬಿಡುತ್ತೇನೆ.

ಇನ್ನು ಗೂಗಲ್ ಮ್ಯಾಪ್ಸ್. ಯಾರೂ ಇದನ್ನು ಸೋಶಿಯಲ್ ಮೀಡಿಯಾ ಅನ್ನುವುದಿಲ್ಲ, ಆದರೆ ನಮ್ಮಂಥ ಊರಿನ ಅಂಗಡಿಗೆ ಇದರಷ್ಟು ಉಪಯೋಗ ಬೇರೆ ಇಲ್ಲ. ವಿಜಯಪುರದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿ ನಮ್ಮೂರಿನ ಮೇಲೇ ಹೋಗುತ್ತದೆ. ಹಂಪಿಗೆ ಹೊರಟವರು, ಬಾದಾಮಿ, ಐಹೊಳೆ ನೋಡಿ ಬಂದವರು ಕಾರಿನಲ್ಲಿ ಕೂತೇ "ಇಳಕಲ್ ಸೀರೆ" ಅಂತ ಹುಡುಕುತ್ತಾರೆ. ಆಗ ಅಂಗಡಿಯ ಮುಂಭಾಗದ ಫೋಟೊ, ಸರಿಯಾದ ಫೋನ್ ನಂಬರ್, ವಾರದ ರಜೆ ಯಾವತ್ತು, ಕಾರು ಎಲ್ಲಿ ನಿಲ್ಲಿಸಬೇಕು ಅನ್ನುವುದೆಲ್ಲ ಅಲ್ಲಿರಬೇಕು. ಖರೀದಿ ಮಾಡಿ ಹೊರಟವರಿಗೆ "ಎರಡು ಸಾಲು ಬರೀರಿ ಅಕ್ಕಾರ" ಅಂತ ನಾನೇ ಕೇಳುತ್ತೇನೆ. ಒಬ್ಬರು ಒಂದು ಸ್ಟಾರ್ ಕೊಟ್ಟು "ಚೌಕಾಸಿ ಮಾಡುವುದಿಲ್ಲ" ಅಂತ ಬರೆದಿದ್ದಾರೆ. ನಮ್ಮ ಯಜಮಾನರಿಗೆ ಅದನ್ನು ಕಂಡರೆ ಸಿಟ್ಟು. ನನಗೆ ಅದು ಪುಕ್ಕಟೆ ಜಾಹೀರಾತು.

ಈಗ ನಮ್ಮಲ್ಲಿ ನಡೆಯುತ್ತಿರುವ ಚರ್ಚೆ ನೇಕಾರರ ಹೆಸರಿನದು. ಗಿರಾಕಿಗಳು ಸೀರೆ ಯಾರು ನೇಯ್ದದ್ದು ಅಂತ ಕೇಳತೊಡಗಿದ್ದಾರೆ. ಒಪ್ಪಿದವರ ಹೆಸರನ್ನು ಪೋಸ್ಟಿನಲ್ಲಿ, ಚೀಟಿಯಲ್ಲಿ ಹಾಕುತ್ತೇನೆ. ಕೆಲವರು ಮುಖ ಬೇಡ, ಕೈ ಅಷ್ಟೇ ತೋರಿಸಿ ಅನ್ನುತ್ತಾರೆ. ಹಾಗೇ ಮಾಡುತ್ತೇನೆ. ಒಬ್ಬ ಅಕ್ಕ ಮಾತ್ರ ನೇರವಾಗಿ ಕೇಳಿದರು: "ಹೆಸರು ಹಾಕ್ತಿ, ನನ್ನ ನಂಬರ್ ಯಾಕ ಹಾಕಂಗಿಲ್ಲ?" ನೂಲು ನಮ್ಮದು, ಮುಂಗಡ ನಮ್ಮದು, ಗಿರಾಕಿ ಅವರ ಹತ್ತಿರ ಹೋದರೆ ಅಂಗಡಿ ಏನು ಮಾಡಬೇಕು ಅನ್ನುವುದು ಮಾವನ ವಾದ. ನಮ್ಮ ನೂಲಿನ ಸೀರೆಗೆ ನಮ್ಮ ನಂಬರ್, ಅವರೇ ನೂಲು ತಂದು ನೇಯ್ದ ಸೀರೆಗೆ ಅವರ ನಂಬರ್ ಅಂತ ನಾನು ಹೇಳಿದೆ. ಅವರ ಎರಡು ಸೀರೆ ಹಾಗೆ ಹಾಕಿದೆ, ಎರಡೂ ಹೋದವು. ಮಾವನಿಗೆ ಇದು ಇನ್ನೂ ಸರಿ ಬಂದಿಲ್ಲ.