ಎಷ್ಟು ಹೊತ್ತು ಎಳೆಯುತ್ತದೆ? ಬ್ಯಾಟರಿ ಬೈಕ್ ಕಟ್ಟಿದ ನನ್ನ ಅನುಭವ

ನನ್ನ ಚಿಕ್ಕಪ್ಪ ಮೈಸೂರಿನ ಐಡಿಯಲ್ ಜಾವಾ ಬೈಕ್ ಕಾರ್ಖಾನೆಯಲ್ಲಿ ಇಂಜಿನ್ ಜೋಡಣೆಯ ಕೆಲಸದಲ್ಲಿದ್ದವರು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿದ ಮೇಲೆ ಮನೆಯ ಮುಂದೆಯೇ ಸಣ್ಣ ಗ್ಯಾರೇಜ್ ಇಟ್ಟುಕೊಂಡರು. 2021ರ ಆರಂಭದಲ್ಲಿ, ಇದ್ದ ಕೆಲಸ ಬಿಟ್ಟು ನಾಲ್ವರು ಗೆಳೆಯರೊಂದಿಗೆ ಬೆಂಗಳೂರಿನ ಪೀಣ್ಯದ ಶೆಡ್ಡೊಂದರಲ್ಲಿ ವೇಗದ ಬ್ಯಾಟರಿ ಬೈಕ್ ಕಟ್ಟಲು ಹೊರಟಿದ್ದೇನೆಂದು ನಾನು ಹೇಳಿದಾಗ, ಅವರು ಬೆಲೆ ಕೇಳಲಿಲ್ಲ, ಬಂಡವಾಳ ಯಾರದೆಂದೂ ಕೇಳಲಿಲ್ಲ. "ಸ್ಪೀಡ್ ಇರ್ಲಿ ಕಣಪ್ಪ, ಏರಲ್ಲಿ ಎಷ್ಟು ಹೊತ್ತು ಎಳೆಯುತ್ತೆ, ಅದನ್ನ ಹೇಳು" ಎಂದರು. ಆ ಪ್ರಶ್ನೆಗೆ ನೆಟ್ಟಗಿನ ಉತ್ತರ ಕೊಡಲು ನನಗೆ ಎರಡೂವರೆ ವರ್ಷ ಹಿಡಿಯಿತು.

ನನ್ನ ಪಾಲಿಗೆ ಬಂದದ್ದು ಬ್ಯಾಟರಿ ಪ್ಯಾಕ್. 21 ಮಿಲಿಮೀಟರ್ ವ್ಯಾಸದ, 70 ಮಿಲಿಮೀಟರ್ ಎತ್ತರದ ಲಿಥಿಯಂ ಸೆಲ್‌ಗಳನ್ನು ಆರಿಸಿಕೊಂಡೆವು. ಒಂದೊಂದು ಸೆಲ್ಲೂ ಹೆಚ್ಚುಕಡಿಮೆ 70 ಗ್ರಾಂ ತೂಗುತ್ತದೆ ಮತ್ತು 18 ವ್ಯಾಟ್-ಅವರ್ ಶಕ್ತಿ ಹಿಡಿಯುತ್ತದೆ. ಹದಿನಾಲ್ಕು ಸೆಲ್‌ಗಳನ್ನು ಸಮಾಂತರವಾಗಿ ಕಟ್ಟಿ ಒಂದು ಗುಂಪು ಮಾಡಿ, ಅಂಥ ಇಪ್ಪತ್ತು ಗುಂಪುಗಳನ್ನು ಸರಣಿಯಲ್ಲಿ ಜೋಡಿಸಿದರೆ 72 ವೋಲ್ಟ್‌ನ, ಸುಮಾರು 5 ಕಿಲೋವ್ಯಾಟ್-ಅವರ್‌ನ ಪ್ಯಾಕ್ ಆಗುತ್ತದೆ. ಪೆಟ್ಟಿಗೆ, ತಂತಿ, ಸೆಲ್‌ಗಳ ಮೇಲೆ ಕಣ್ಣಿಟ್ಟು ಕರೆಂಟನ್ನು ನಿಯಂತ್ರಿಸುವ ಬಿಎಂಎಸ್ ಎಂಬ ಸರ್ಕ್ಯೂಟ್ ಎಲ್ಲವೂ ಸೇರಿ ನಮ್ಮದು 34 ಕಿಲೋ ತೂಗಿತು. ಒಂದು ಲೀಟರ್ ಪೆಟ್ರೋಲಿನಲ್ಲಿ ಹತ್ತಿರ ಹತ್ತಿರ 9 ಕಿಲೋವ್ಯಾಟ್-ಅವರ್ ಶಕ್ತಿ ಇರುತ್ತದೆ. ಅಂದರೆ 34 ಕಿಲೋ ಹೊತ್ತು ನಾವು ಕೂಡಿಟ್ಟದ್ದು ಅರ್ಧ ಲೀಟರಿಗಿಂತ ತುಸು ಹೆಚ್ಚಿನ ಪೆಟ್ರೋಲಿನಷ್ಟು ಶಕ್ತಿ. ಪೆಟ್ರೋಲ್ ಇಂಜಿನ್ ಅದರಲ್ಲಿ ಮುಕ್ಕಾಲು ಪಾಲನ್ನು ಬಿಸಿಯಾಗಿ ಹೊರಗೆ ಬಿಡುತ್ತದೆ, ಮೋಟಾರ್ ಹಾಗೆ ಮಾಡುವುದಿಲ್ಲ. ಆದ್ದರಿಂದ ನಮ್ಮ ಪ್ಯಾಕ್ ಕೆಲಸದಲ್ಲಿ ಸುಮಾರು ಎರಡು ಲೀಟರಿಗೆ ಸಮ. ಇಷ್ಟರಲ್ಲೇ ಎಲ್ಲವನ್ನೂ ನಡೆಸಬೇಕಿತ್ತು.

ಆ ದಿನಗಳಲ್ಲಿ ಶೆಡ್ಡಿನ ಗೋಡೆಯ ಮೇಲೆ ಎರಡು ಅಂಕಿಗಳನ್ನು ಬರೆದು ಅಂಟಿಸಿದ್ದೆ. ಒಂದು 140, ಇನ್ನೊಂದು 196. 2009ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ 60 ಕಿಲೋಮೀಟರ್ ಸುತ್ತಿನ ರಸ್ತೆಯಲ್ಲಿ ಮೊದಲ ಬಾರಿಗೆ ಹೊಗೆಯಿಲ್ಲದ ಬೈಕುಗಳ ರೇಸ್ ನಡೆದಾಗ ಗೆದ್ದದ್ದು ಅಗ್ನಿ ತಂಡ. ಅದರ ಮೋಟಾರುಗಳ ಬೇರು ಗುಜರಾತಿನಲ್ಲಿತ್ತು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದು, ನನಗಂತೂ ಅದು ದೊಡ್ಡ ಧೈರ್ಯ ಕೊಟ್ಟ ಸಂಗತಿ. ಆ ತಂಡದ ಸವಾರ ರಾಬ್ ಬಾರ್ಬರ್ ಅಂದು ಗಂಟೆಗೆ 140 ಕಿಲೋಮೀಟರ್ ಸರಾಸರಿಯಲ್ಲಿ ಸುತ್ತು ಮುಗಿಸಿದರು. ಹತ್ತು ವರ್ಷಗಳ ಬಳಿಕ, 2019ರಲ್ಲಿ, ಅದೇ ರಸ್ತೆಯಲ್ಲಿ ಮೈಕೆಲ್ ರಟರ್ ಮುಗೆನ್ ಕಂಪನಿಯ ಬ್ಯಾಟರಿ ಬೈಕಿನಲ್ಲಿ 196ರ ಸರಾಸರಿ ಮುಟ್ಟಿದರು. ಆದರೆ ಪೆಟ್ರೋಲ್ ಬೈಕುಗಳು ಅಲ್ಲಿನ ಸೀನಿಯರ್ ರೇಸಿನಲ್ಲಿ ಆರು ಸುತ್ತು ಓಡುವ ಕಾಲದಲ್ಲೂ ಬ್ಯಾಟರಿ ಬೈಕುಗಳದು ಒಂದೇ ಸುತ್ತಿನ ರೇಸ್ ಆಗಿ ಉಳಿಯಿತು. ವೇಗ ಅಷ್ಟು ಏರಿದರೂ ಸುತ್ತು ಏಕೆ ಹೆಚ್ಚಲಿಲ್ಲ ಎಂದು ಕೇಳಿಕೊಂಡಿದ್ದರೆ ಚಿಕ್ಕಪ್ಪನ ಪ್ರಶ್ನೆ ನನಗೆ ಆಗಲೇ ಅರ್ಥವಾಗುತ್ತಿತ್ತು. ನಾನು ಆಗ 196ನ್ನಷ್ಟೇ ನೋಡುತ್ತಿದ್ದೆ.

ಮೊದಲ ಮಾದರಿಯಲ್ಲಿ ಮೋಟಾರಿನ ಗರಿಷ್ಠ ಶಕ್ತಿಯನ್ನು 20 ಕಿಲೋವ್ಯಾಟ್‌ಗೆ ನಿಗದಿ ಮಾಡಿದ್ದೆವು. ಪಿಕಪ್ ಬಹಳ ಚೆನ್ನಾಗಿತ್ತು. ನಿಂತಲ್ಲಿಂದ ಹೊರಟ ಕ್ಷಣದಿಂದಲೇ ಪೂರ್ಣ ಟಾರ್ಕ್ ಸಿಗುವುದು ವಿದ್ಯುತ್ ಮೋಟಾರಿನ ಸಹಜ ಗುಣ, ಓಡಿಸಿದವರೆಲ್ಲ ಮುಖ ಅರಳಿಸಿಕೊಂಡೇ ಇಳಿಯುತ್ತಿದ್ದರು. ಪೀಣ್ಯದ ರಸ್ತೆಗಳಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ಆಕ್ಸಿಲರೇಟರ್ ಪೂರ್ತಿ ತಿರುಗಿಸಲು ಜಾಗವೇ ಸಿಗುವುದಿಲ್ಲವಾದ್ದರಿಂದ ಮುಂದಿನದು ನಮಗೆ ಕಾಣಲಿಲ್ಲ. 2022ರ ಬೇಸಿಗೆಯಲ್ಲಿ ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇಯನ್ನು ಅರ್ಧ ದಿನದ ಮಟ್ಟಿಗೆ ಬಾಡಿಗೆಗೆ ಹಿಡಿದು ಬೈಕನ್ನು ಟೆಂಪೋದಲ್ಲಿ ಕೊಂಡೊಯ್ದೆವು. ಎರಡು ಕಿಲೋಮೀಟರಿಗೆ ತುಸು ಹೆಚ್ಚಿನ ಸುತ್ತು ಅದು. ನಾಲ್ಕು ಸುತ್ತು ನಾವೆಣಿಸಿದ ಸಮಯಕ್ಕೇ ಮುಗಿದವು. ಐದನೆಯ ಸುತ್ತಿನಲ್ಲಿ ತಿರುವಿನಿಂದ ಹೊರಬರುವಾಗ ಶಕ್ತಿ ಒಮ್ಮೆಲೇ ಅರ್ಧಕ್ಕಿಳಿಯಿತು. ಸವಾರ ಕೈಯೆತ್ತಿ ಬೈಕನ್ನು ಪಕ್ಕಕ್ಕೆ ತಂದ. ಹೆಲ್ಮೆಟ್ ತೆಗೆದವನು, "ಸರ್, ಬಾಗಿದ ಹೊತ್ತಿನಲ್ಲಿ ಹೀಗೆ ಕೈಕೊಟ್ಟರೆ ಬೀಳ್ತೀನಿ" ಎಂದಷ್ಟೇ ಹೇಳಿದ. ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ, ಏಕೆಂದರೆ ಆ ಕಡಿತವನ್ನು ಬರೆದವನು ನಾನೇ. ಪ್ಯಾಕಿನೊಳಗೆ ಬಿಸಿ ಅಳೆಯುವ ಯಾವುದೇ ಥರ್ಮಿಸ್ಟರ್ 55 ಡಿಗ್ರಿ ತೋರಿಸಿದ ಕೂಡಲೇ ಕರೆಂಟನ್ನು ಅರ್ಧ ಮಾಡು ಎಂದು ಬಿಎಂಎಸ್‌ಗೆ ಹೇಳಿಕೊಟ್ಟಿದ್ದೆ.

ಅಂದು ಸಂಜೆ ಟ್ರ್ಯಾಕಿನ ಬದಿಯ ಶೆಡ್ಡಿನಲ್ಲಿ ಕುಳಿತು ಹಾಕಿದ ಲೆಕ್ಕವನ್ನು ಇಲ್ಲಿ ಪೂರ್ತಿಯಾಗಿ ಕೊಡುತ್ತೇನೆ, ಈ ದಾರಿಗೆ ಬರುವವರು ಮೊದಲ ದಿನವೇ ಇದನ್ನು ಮಾಡಿಕೊಳ್ಳಲಿ ಎಂಬ ಆಸೆಯಿಂದ. 20 ಕಿಲೋವ್ಯಾಟ್ ಎಳೆಯುವಾಗ 72 ವೋಲ್ಟ್‌ನ ಪ್ಯಾಕಿನಿಂದ ಸುಮಾರು 280 ಆಂಪಿಯರ್ ಹರಿಯುತ್ತದೆ, ಅದನ್ನು ಹದಿನಾಲ್ಕು ಸೆಲ್‌ಗಳಿಗೆ ಹಂಚಿದರೆ ತಲಾ 20 ಆಂಪಿಯರ್. ಸೆಲ್ಲಿನ ಆಂತರಿಕ ರೋಧವನ್ನು 20 ಮಿಲಿಓಮ್ ಎಂದಿಟ್ಟುಕೊಂಡರೆ, ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಿದಾಗ ಪ್ರತಿ ಸೆಲ್ಲಿನೊಳಗೆ 8 ವ್ಯಾಟ್ ಶಾಖ ಹುಟ್ಟುತ್ತದೆ. ಇಡೀ ಪ್ಯಾಕಿನಲ್ಲಿ 280 ಸೆಲ್‌ಗಳಿರುವುದರಿಂದ ಅದು 2,200 ವ್ಯಾಟ್ ದಾಟುತ್ತದೆ. ಅಡುಗೆಮನೆಯ ಒಂದು ದೊಡ್ಡ ಇಂಡಕ್ಷನ್ ಒಲೆಯನ್ನು ಪೂರ್ಣ ಉರಿಯಲ್ಲಿಟ್ಟು ಮುಚ್ಚಿದ ಪೆಟ್ಟಿಗೆಯೊಳಗೆ ಕೂಡಿಸಿದಂತೆ. 70 ಗ್ರಾಂ ತೂಕದ ಸೆಲ್ ಆ ಶಾಖಕ್ಕೆ ನಿಮಿಷಕ್ಕೆ ಏಳು ಡಿಗ್ರಿಯಂತೆ ಬಿಸಿಯೇರುತ್ತದೆ. 32 ಡಿಗ್ರಿಯಲ್ಲಿ ಹೊರಟರೆ 60 ತಲುಪಲು ನಾಲ್ಕೇ ನಿಮಿಷ ಸಾಕು. ಚಾರ್ಜ್ ಇಳಿದಂತೆ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ. ತುಂಬಿದ ಪ್ಯಾಕ್ 84 ವೋಲ್ಟ್ ಇದ್ದದ್ದು ಕೊನೆಗೆ 64ರ ಸುತ್ತ ಬಂದಾಗ, ಅದೇ ಶಕ್ತಿಗೆ ಹೆಚ್ಚು ಕರೆಂಟ್ ಬೇಕಾಗಿ ಶಾಖ ಶೇ. 70ರಷ್ಟು ಏರುತ್ತದೆ. ನಮ್ಮ ಕರಪತ್ರದಲ್ಲಿದ್ದ 20 ಕಿಲೋವ್ಯಾಟ್ ಸುಳ್ಳಾಗಿರಲಿಲ್ಲ, ಆದರೆ ಅದರ ಪಕ್ಕದಲ್ಲಿ ನಿಮಿಷದ ಲೆಕ್ಕವಿರಲಿಲ್ಲ.

ಆದರೂ ಐದನೆಯ ಸುತ್ತು ತುಂಬಾ ಬೇಗ ಎನಿಸಿತು. ಪ್ಯಾಕನ್ನು ಕಳಚಿ, ಕೈಗವಸು ಹಾಕಿ ಮುಚ್ಚಳ ಬಿಚ್ಚಿ, ಥರ್ಮಲ್ ಕ್ಯಾಮೆರಾ ಹಿಡಿದೆ. ಅಂಚಿನ ಸೆಲ್‌ಗಳು ಒಂದೇ ಸಮನೆ ಕಿತ್ತಳೆ ಬಣ್ಣದಲ್ಲಿದ್ದವು, ನಡುವಿನ ಮೂರು ಗುಂಪುಗಳ ಮೇಲೆ ಮಾತ್ರ ಬಿಳಿಯ ಗೆರೆ ಕಾಣಿಸಿತು. ಅಲ್ಲಿ 63 ಡಿಗ್ರಿ ಇತ್ತು. ನನ್ನ ಥರ್ಮಿಸ್ಟರುಗಳೆಲ್ಲ ತಂತಿ ಎಳೆಯಲು ಸುಲಭವೆಂದು ಅಂಚಿನಲ್ಲೇ ಕುಳಿತಿದ್ದವು. ಆ ಮೂರು ಗುಂಪುಗಳಲ್ಲಿ ಸೆಲ್‌ಗಳನ್ನು ಒಂದಕ್ಕೊಂದು ಜೋಡಿಸುವ ನಿಕಲ್ ಪಟ್ಟಿಗಳು ಎರಡನೆಯ ಕಂತಿನಲ್ಲಿ ಒಬ್ಬ ಮಧ್ಯವರ್ತಿಯಿಂದ ತಂದವು. ಪೀಣ್ಯಕ್ಕೆ ಮರಳಿದ ಮೇಲೆ ಉಳಿದಿದ್ದ ಒಂದು ತುಂಡನ್ನು ಗ್ರೈಂಡರ್ ಕಲ್ಲಿಗೆ ಹಿಡಿದೆ. ಶುದ್ಧ ನಿಕಲ್ ಆಗಿದ್ದರೆ ಕಿಡಿ ಹಾರುವುದೇ ಇಲ್ಲವೆನ್ನಬಹುದು, ಕಲ್ಲಿಗೆ ಅಂಟಿದಂತೆ ಸವೆಯುತ್ತದೆ. ಇದರಿಂದ ದೀಪಾವಳಿಯ ಸುರುಸುರು ಬತ್ತಿಯಂತೆ ಹಳದಿ ಕಿಡಿಗಳು ಚಿಮ್ಮಿದವು. ಉಕ್ಕಿನ ಪಟ್ಟಿಗೆ ನಿಕಲ್ ಲೇಪ ಕೊಟ್ಟು ಶುದ್ಧ ನಿಕಲ್ ಎಂದು ಮಾರಿದ್ದರು. ಉಕ್ಕಿನ ರೋಧ ನಿಕಲ್‌ನದಕ್ಕಿಂತ ಎರಡು ಪಟ್ಟಿನಷ್ಟು, ಅಷ್ಟು ಕರೆಂಟಿನಲ್ಲಿ ಪಟ್ಟಿಯೇ ಒಲೆಯ ತಂತಿಯಂತೆ ವರ್ತಿಸುತ್ತಿತ್ತು. ಅದೇ ವರ್ಷದ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ದೇಶದ ಹಲವೆಡೆ ಸ್ಕೂಟರುಗಳು ಹೊತ್ತಿ ಉರಿದ ಸುದ್ದಿಗಳನ್ನು ಓದಿದ್ದೆ. ಒಂದು ಪಟ್ಟಿಯ ತುಂಡನ್ನು ಕೈಯಲ್ಲಿ ಹಿಡಿದುಕೊಂಡು ಅಂದು ರಾತ್ರಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಅಂದಿನಿಂದ ನಮ್ಮಲ್ಲಿಗೆ ಬಂದ ಪ್ರತಿಯೊಂದು ಸುರುಳಿಯ ತುದಿಯೂ ಮೊದಲು ಗ್ರೈಂಡರ್ ಮುಟ್ಟಿ, ಆಮೇಲೆ ಉಗ್ರಾಣ ಸೇರಿತು.

ಎರಡನೆಯ ಪ್ಯಾಕಿಗೆ ಹನ್ನೊಂದು ತಿಂಗಳು ಹಿಡಿಯಿತು. ಕರೆಂಟ್ ಹರಿಯುವ ದಾರಿಗೆ ತಾಮ್ರದ ಪಟ್ಟಿ ಹಾಕಿ, ಸೆಲ್ಲಿಗೆ ಬೆಸೆಯುವ ತುದಿಯಲ್ಲಷ್ಟೇ ನಿಕಲ್ ಉಳಿಸಿದೆವು. ಸೆಲ್‌ಗಳ ತಳಕ್ಕೆ ಶಾಖ ಸಾಗಿಸುವ ಮೆತ್ತೆಯನ್ನಿಟ್ಟು, ಅದರಡಿ ರೆಕ್ಕೆಗಳಿರುವ ಅಲ್ಯೂಮಿನಿಯಂ ತಟ್ಟೆಯನ್ನು ಗಾಳಿಗೆ ಒಡ್ಡಿದೆವು. ಥರ್ಮಿಸ್ಟರುಗಳು ನಡುವಿಗೆ ಬಂದವು. ಎಲ್ಲಕ್ಕಿಂತ ಹೆಚ್ಚು ಸಮಯ ತಿಂದದ್ದು ಶಕ್ತಿಯನ್ನು ಇಳಿಸುವ ಕ್ರಮ. 48 ಡಿಗ್ರಿಯಿಂದಲೇ ಸವಾರನಿಗೆ ಗೊತ್ತಾಗದಷ್ಟು ನಿಧಾನವಾಗಿ ಕರೆಂಟ್ ಇಳಿಯುತ್ತ ಹೋಗಬೇಕು, ಎಲ್ಲೂ ಮೆಟ್ಟಿಲಿನಂತೆ ಜಾರಬಾರದು, ಡ್ಯಾಶ್‌ಬೋರ್ಡಿನಲ್ಲಿ ಉಳಿದ ಶಕ್ತಿ ಎಷ್ಟೆಂದು ಮೊದಲೇ ಕಾಣಬೇಕು. ಈ ನಡುವೆ ವಿದ್ಯುತ್ ದ್ವಿಚಕ್ರ ವಾಹನಗಳ ಬ್ಯಾಟರಿ ಸುರಕ್ಷತೆಯ ನಿಯಮವಾದ ಎಐಎಸ್-156ರ ತಿದ್ದುಪಡಿ 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಕೊನೆ ಎಂಬ ಎರಡು ಹಂತಗಳಲ್ಲಿ ಜಾರಿಗೆ ಬಂತು. ಒಂದು ಸೆಲ್ಲಿಗೆ ಬೆಂಕಿ ಬಿದ್ದರೂ ಅದು ಇಡೀ ಪ್ಯಾಕಿಗೆ ಹರಡಬಾರದು, ಸವಾರನಿಗೆ ಎಚ್ಚರಿಕೆ ಸಿಗಬೇಕು ಎಂಬ ಷರತ್ತುಗಳು ಬಂದಾಗ ನಮ್ಮ ವಲಯದಲ್ಲಿ ಕೆಲವರು ಗೊಣಗಿದರು. ಆ ನಿಯಮ ಇನ್ನೂ ಮೊದಲೇ ಬರಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಹಣದ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಕೇಂದ್ರದ ಫೇಮ್-2 ಸಹಾಯಧನ ಕಾರ್ಖಾನೆ ಬೆಲೆ ಒಂದೂವರೆ ಲಕ್ಷದೊಳಗಿನ ದ್ವಿಚಕ್ರ ವಾಹನಗಳಿಗೆ ಮಾತ್ರ ಇದ್ದುದರಿಂದ ಆ ಬೆಲೆ ಮೀರಿದ ವೇಗದ ಬೈಕುಗಳಿಗೆ ಅದು ದಕ್ಕಲಿಲ್ಲ. ಬೆಂಗಳೂರಿನದೇ ಆದ ಅಲ್ಟ್ರಾವಯೊಲೆಟ್ 2022ರ ನವೆಂಬರ್‌ನಲ್ಲಿ ಎಫ್77 ಬೈಕನ್ನು ಬಿಡುಗಡೆ ಮಾಡಿದಾಗ, ಅದರ ದೊಡ್ಡ ಮಾದರಿಯಲ್ಲಿ 10.3 ಕಿಲೋವ್ಯಾಟ್-ಅವರ್ ಪ್ಯಾಕ್ ಇರುವುದನ್ನು ಓದಿ ನನಗೆ ಹೊಟ್ಟೆಕಿಚ್ಚಿಗಿಂತ ಸಮಾಧಾನವೇ ಹೆಚ್ಚಾಯಿತು. ಪ್ಯಾಕ್ ದೊಡ್ಡದಾದಷ್ಟೂ ಪ್ರತಿ ಸೆಲ್ಲಿನ ಮೇಲಿನ ಹೊರೆ ಇಳಿಯುತ್ತದೆ, ಅವರು ಸರಿಯಾದ ಕಡೆ ತೂಕ ಹಾಕಿದ್ದರು. ಹೊರದೇಶಗಳಲ್ಲಿ ಈ ದಾರಿ ಹಿಡಿದವರಲ್ಲಿ ಅಮೆರಿಕದ ಆಲ್ಟಾ 2018ರಲ್ಲಿ ಬಾಗಿಲು ಮುಚ್ಚಿತು, ಸ್ವೀಡನ್ನಿನ ಕೇಕ್ ಮತ್ತು ಇಟಲಿಯ ಎನರ್ಜಿಕಾ 2024ರಲ್ಲಿ ದಿವಾಳಿಯಾದವು. ಎನರ್ಜಿಕಾದ ಬೈಕುಗಳು ವಿಶ್ವ ಮಟ್ಟದ ಮೋಟೋ-ಇ ರೇಸಿನಲ್ಲಿ ಓಡಿದಂಥವು. ಒಳ್ಳೆಯ ಯಂತ್ರ ಕಟ್ಟಿದವರೂ ಮುಗ್ಗರಿಸಿದರು ಎಂಬುದು ನಮ್ಮಂಥ ಐದು ಜನರ ತಂಡಕ್ಕೆ ಸಣ್ಣ ಭಯವಲ್ಲ.

ನಮ್ಮೊಳಗಿನ ದೊಡ್ಡ ಜಗಳ ಕರಪತ್ರದ ಕುರಿತಾಗಿಯೇ ನಡೆಯಿತು. ಹೊಸ ಪ್ಯಾಕ್ 20 ಕಿಲೋವ್ಯಾಟನ್ನು ನಲವತ್ತು ಸೆಕೆಂಡ್ ಕೊಡುತ್ತದೆ, 9 ಕಿಲೋವ್ಯಾಟನ್ನು ಚಾರ್ಜ್ ಮುಗಿಯುವ ತನಕ ಕೊಡುತ್ತದೆ ಎಂದು ಎರಡನ್ನೂ ಒಂದೇ ಗಾತ್ರದ ಅಕ್ಷರದಲ್ಲಿ ಅಚ್ಚು ಹಾಕಬೇಕೆಂದು ನಾನು ಹಟ ಹಿಡಿದೆ. ರೇಂಜ್ ಕೂಡ ಹಾಗೆಯೇ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ, ಗಂಟೆಗೆ 60ರಲ್ಲಿ ಕಿಲೋಮೀಟರಿಗೆ 31 ವ್ಯಾಟ್-ಅವರ್ ತಿನ್ನುವ ನಮ್ಮ ಬೈಕ್ 100ರಲ್ಲಿ 66 ತಿನ್ನುತ್ತಿತ್ತು. ಅಂದರೆ ಒಂದೇ ಬೈಕಿಗೆ 145 ಕಿಲೋಮೀಟರ್ ಎಂದೂ ಹೇಳಬಹುದು, 68 ಎಂದೂ ಹೇಳಬಹುದು. ವೇಗದ ಬೈಕೆಂದು ಮಾರಿ ನಿಧಾನದ ರೇಂಜನ್ನು ಮಾತ್ರ ಬರೆಯುವುದು ನನ್ನಿಂದ ಸಾಧ್ಯವಿರಲಿಲ್ಲ. ಸಣ್ಣ ಅಂಕಿ ನೋಡಿದರೆ ಗಿರಾಕಿ ಎದ್ದು ಹೋಗುತ್ತಾನೆ ಎಂದು ಗೆಳೆಯನೊಬ್ಬ ಮೂರು ವಾರ ನನ್ನೊಂದಿಗೆ ಮಾತು ಬಿಟ್ಟ. ಕೊನೆಗೆ ನಾಲ್ಕೂ ಅಂಕಿಗಳು ಅಚ್ಚಾದವು. ಬಂದು ನೋಡಿದವರಲ್ಲಿ ಕೆಲವರು ಎದ್ದು ಹೋದದ್ದೂ ನಿಜ.

2023ರ ಸೆಪ್ಟೆಂಬರಿನ ಒಂದು ಭಾನುವಾರ ಆ ಬೈಕಿನಲ್ಲಿ ಮೈಸೂರಿಗೆ ಹೊರಟೆ. ಆ ಆಗಸ್ಟಿನಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿರಲಿಲ್ಲವಾದ್ದರಿಂದ ಸರ್ವಿಸ್ ರಸ್ತೆಯಲ್ಲೇ ಸಾಗಿ, ಮದ್ದೂರಿನ ಹೋಟೆಲೊಂದರ 16 ಆಂಪಿಯರ್ ಪ್ಲಗ್ಗಿನಿಂದ ನಲವತ್ತು ನಿಮಿಷ ಚಾರ್ಜ್ ಹಾಕಿಕೊಂಡು, ಮಧ್ಯಾಹ್ನದ ಊಟದ ಹೊತ್ತಿಗೆ ಮನೆ ಮುಟ್ಟಿದೆ. ಸಂಜೆ ಚಿಕ್ಕಪ್ಪನನ್ನು ಹಿಂದೆ ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತಿದೆ. ಬುಡದಲ್ಲಿ 36 ಡಿಗ್ರಿ ಇದ್ದ ಪ್ಯಾಕ್, ಇಬ್ಬರ ಭಾರ ಹೊತ್ತು ನಿಲ್ಲದೆ ಎಳೆದು, ಮೇಲೆ ತಲುಪಿದಾಗ 43 ತೋರಿಸುತ್ತಿತ್ತು. ಚಿಕ್ಕಪ್ಪ ಇಳಿದವರೇ ಬಗ್ಗಿ ಅಲ್ಯೂಮಿನಿಯಂ ತಟ್ಟೆಗೆ ಅಂಗೈ ಇಟ್ಟು, ಇಂಜಿನ್ ಬ್ಲಾಕ್ ಮುಟ್ಟಿ ನೋಡುವ ರೀತಿಯಲ್ಲೇ ಸ್ವಲ್ಪ ಹೊತ್ತು ಹಾಗೇ ಇದ್ದರು.

"ಪರವಾಗಿಲ್ಲ, ಎಳೀತು. ಆದ್ರೆ ಮೈಸೂರು ತಂಪು ಊರು ಕಣಪ್ಪ. ಕಲಬುರಗಿ ಬಿಸಿಲಲ್ಲಿ ಇಷ್ಟೇ ಎಳೆಯುತ್ತಾ?"

"ನೋಡಿಲ್ಲ ಚಿಕ್ಕಪ್ಪ. ನೀವು ಬನ್ನಿ, ಮೇ ತಿಂಗಳಲ್ಲಿ ಹೋಗೋಣ" ಎಂದೆ.

ಮರುವರ್ಷದ ಮೇ ತಿಂಗಳಲ್ಲಿ ಬೈಕನ್ನು ಕಲಬುರಗಿಗೆ ಕೊಂಡೊಯ್ದೆವು, ಅವರೂ ಜೊತೆಗೆ ಬಂದರು. ನೆರಳಿನಲ್ಲಿ ನಿಲ್ಲಿಸಿದ್ದ ಪ್ಯಾಕೇ ಬೆಳಗ್ಗೆ ಹನ್ನೊಂದಕ್ಕೆ 41 ಡಿಗ್ರಿ ಇತ್ತು. ಮೂರು ದಿನ ಓಡಿಸಿ, ಹೊರಗಿನ ಬಿಸಿ 40 ದಾಟಿದಾಗ ನಿರಂತರ ಶಕ್ತಿ 7 ಕಿಲೋವ್ಯಾಟ್ ಎಂಬ ಐದನೆಯ ಅಂಕಿಯನ್ನು ಕರಪತ್ರಕ್ಕೆ ಸೇರಿಸಿದೆವು.