ಥ್ರಿಲ್ಲರ್ ನಿರಾಸೆ ಮಾಡಿದರೆ ಏನು ಮಾಡಬೇಕು?

ಥ್ರಿಲ್ಲರ್ ಓದಿ ಮುಗಿಸಿ ಬೇಸರವಾಯಿತಾ? ಪುಸ್ತಕವನ್ನು ತಕ್ಷಣ ಯಾರಿಗೂ ದಾಟಿಸಬೇಡಿ. ಕೊನೆ ಗೊತ್ತಾಗಿರುವ ಈ ಹೊತ್ತಲ್ಲೇ ಅದನ್ನು ಇನ್ನೊಮ್ಮೆ ತಿರುವಿ ಹಾಕಬೇಕು. ಲೇಖಕರು ಎಲ್ಲಿ ನಮಗೆ ಮೋಸ ಮಾಡಿದರು ಅಂತ ಗೊತ್ತಾದರೆ ಮುಂದಿನದನ್ನು ಆರಿಸುವುದು ಸುಲಭ.

ನಾನು ಈಚೆಗೆ ಓದಿದ್ದು ಒಂದು ಇಂಗ್ಲಿಷ್ ಕಾದಂಬರಿ. ಬೆಟ್ಟದ ಮೇಲೊಂದು ಹೋಟೆಲು, ಹಿಮ ಬಿದ್ದು ರಸ್ತೆ ಬಂದ್, ಹೆಂಡತಿ ಕಾಣೆ. ಕಥೆ ಹೇಳುವವನು ಗಂಡ. ಇನ್ನೇನು ಮುಗಿಯಬೇಕು ಅನ್ನುವಾಗ ಹೆಂಡತಿಗೊಬ್ಬಳು ಅವಳಿ ತಂಗಿ ಹುಟ್ಟಿಕೊಳ್ಳುತ್ತಾಳೆ. ಕೊಂದವಳು ಅವಳೇ ಅಂತೆ!

ಪೆನ್ಸಿಲ್ ಹಿಡಿದು, ಕೊಲೆಗಾರ ಮೊದಲು ಬರುವ ಪುಟ ಹುಡುಕಿ. ರೊನಾಲ್ಡ್ ನಾಕ್ಸ್ ಅಂತ ಇಂಗ್ಲೆಂಡಿನ ಪಾದ್ರಿಯೊಬ್ಬರಿದ್ದರು, ಪತ್ತೇದಾರಿ ಕಾದಂಬರಿಗಳನ್ನೂ ಬರೆಯುತ್ತಿದ್ದರು. 1929ರಲ್ಲಿ ಅವರು ಇಂಥ ಕಥೆಗಳಿಗೆ ಹತ್ತು ನಿಯಮ ಹಾಕಿಕೊಟ್ಟರು. ಅಪರಾಧಿ ಕಥೆಯ ಶುರುವಿನಲ್ಲೇ ಬಂದಿರಬೇಕು ಅನ್ನುವುದು ಮೊದಲನೆಯದು. ಹತ್ತನೆಯದು ಅವಳಿಗಳ ಬಗ್ಗೆಯೇ: ಓದುಗರನ್ನು ಮೊದಲೇ ಅಣಿಗೊಳಿಸದೆ ಅವರನ್ನು ತರಬಾರದು. ಎಲ್ಲ ನಿಯಮಗಳನ್ನೂ ಇವತ್ತು ಯಾರೂ ಪಾಲಿಸಬೇಕಿಲ್ಲ. ಆದರೆ ಗೋಡೆಯ ಮೇಲೊಂದು ಹಳೆಯ ಫೋಟೊ, ರಿಸೆಪ್ಷನ್ನಿನವನು ತಪ್ಪಿ ಕರೆದ ಬೇರೆ ಹೆಸರು, ಇಷ್ಟಿದ್ದರೂ ಸಾಕಿತ್ತಲ್ವಾ? ನನ್ನ ಪುಸ್ತಕದಲ್ಲಿ ಎಷ್ಟು ಹುಡುಕಿದರೂ ಒಂದು ಸುಳಿವೂ ಸಿಗಲಿಲ್ಲ.

ಆಮೇಲೆ, ಕಥೆ ಹೇಳುವವರಿಗೆ ಏನೆಲ್ಲ ಗೊತ್ತಿತ್ತು ಅಂತ ನೋಡಿ. ನನಗೆ ಜಾಸ್ತಿ ನೋವಾಗಿದ್ದು ಇಲ್ಲೇ. ಆ ಗಂಡನಿಗೆ ಮದುವೆಯ ದಿನದಿಂದ ನಾದಿನಿ ಗೊತ್ತು. ತಾನು ಕುಡಿದ ಕಾಫಿಯಿಂದ ಹಿಡಿದು ಮನಸ್ಸಿನ ಸಣ್ಣ ಭಯದವರೆಗೆ ಎಲ್ಲ ಹೇಳುವವನು, ಹೆಂಡತಿ ಕಾಣೆಯಾದಾಗ ಅವಳ ತಂಗಿಯನ್ನು ಒಮ್ಮೆಯೂ ನೆನೆಯುವುದಿಲ್ಲ. ಮುಚ್ಚಿಡಬಾರದು ಅಂತಲ್ಲ. ಮುಚ್ಚಿಟ್ಟ ಜಾಗ ಎರಡನೇ ಓದಿನಲ್ಲಾದರೂ ಕಾಣಬೇಕು. ಒಂದು ತೇಲಿಸಿದ ಮಾತು, ಹಾರಿಸಿದ ಒಂದು ಗಂಟೆ, ಏನಾದರೂ.

ಕಾಕತಾಳೀಯಗಳಿಗೂ ಗೆರೆ ಎಳೆಯಿರಿ. ಸಿಗ್ನಲ್ ಇಲ್ಲ ಅಂತ ಮತ್ತೆ ಮತ್ತೆ ಹೇಳಿದ ಹೋಟೆಲಿನಲ್ಲಿ ಸರಿಯಾದ ಹೊತ್ತಿಗೆ ಮೆಸೇಜ್ ಬಂದರೆ ಅದು ಲೇಖಕರೇ ಕಳಿಸಿದ ಮೆಸೇಜು.

ಇನ್ನು ಅಧ್ಯಾಯಗಳ ಕೊನೆಯ ಸಾಲುಗಳನ್ನಷ್ಟೇ ಓದುತ್ತಾ ಹೋಗಿ. ಬಾಗಿಲು ಬಡಿದ ಸದ್ದು, ಮುಂದಿನ ಪುಟದಲ್ಲಿ ರೂಮ್ ಸರ್ವಿಸ್. ಇದೇ ಆಟ ಹಲವು ಸಲ ನಡೆದಿದ್ದರೆ ಕಥೆಯಲ್ಲಿ ಸತ್ವ ಇಲ್ಲ. ಸಿನಿಮಾ ನಿರ್ದೇಶಕ ಹಿಚ್‌ಕಾಕ್ ಒಂದು ಉದಾಹರಣೆ ಕೊಡುತ್ತಿದ್ದರು. ಮೇಜಿನ ಕೆಳಗಿನ ಬಾಂಬು ದಿಢೀರ್ ಸಿಡಿದರೆ 15 ಸೆಕೆಂಡಿನ ಬೆಚ್ಚು. ಬಾಂಬ್ ಇದೆ ಅಂತ ನೋಡುವವರಿಗೆ ಮೊದಲೇ ಗೊತ್ತಿದ್ದು, ಮೇಜಿನ ಸುತ್ತ ಕೂತವರು ಸುಮ್ನೆ ಹರಟುತ್ತಿದ್ದರೆ 15 ನಿಮಿಷದ ತಳಮಳ. ನಿಮ್ಮ ಪುಸ್ತಕ ಆ ತಳಮಳವನ್ನು ಒಮ್ಮೆಯಾದರೂ ಕೊಟ್ಟಿತಾ?

ಮುಂದಿನ ಪುಸ್ತಕ ಆರಿಸುವಾಗ ಬೆನ್ನುಪುಟ ನಂಬಬೇಡಿ. ಇ-ಬುಕ್ಕಿನ ಉಚಿತ ಸ್ಯಾಂಪಲ್ ಕೂಡ ಸಾಲದು, ಅದರಲ್ಲಿ ಸಿಗುವುದು ಆರಂಭ ಮಾತ್ರ. ಎಲ್ಲರೂ ತಿದ್ದಿ ತೀಡುವುದು ಅದನ್ನೇ. ಗ್ರಂಥಾಲಯದಲ್ಲೋ ಅಂಗಡಿಯಲ್ಲೋ ನಿಂತು ನಡುವಿನ ನಾಲ್ಕು ಪುಟ ಓದಿ. ಅಲ್ಲಿ ಇಬ್ಬರು ಮಾತಾಡುತ್ತಿದ್ದರೆ, ಯಾರು ಏನನ್ನು ಬಚ್ಚಿಡುತ್ತಿದ್ದಾರೆ ಅನ್ನುವ ಕುತೂಹಲ ಹುಟ್ಟಬೇಕು. ಆ ಪುಸ್ತಕ ಓದಿದ ಸ್ನೇಹಿತರು ಸಿಕ್ಕರೆ, ಕೊನೆ ಗೊತ್ತಿದ್ದೂ ಮತ್ತೆ ಓದಿದ್ದೀರಾ ಅಂತ ಕೇಳಿ. ಹೌದು ಅಂದರೆ ಧೈರ್ಯವಾಗಿ ತಗೊಳ್ಳಿ.