ಅಂಟಿಲ್ಲದ ಹಿಟ್ಟಿನೊಡನೆ ನಾಲ್ಕು ವರ್ಷ: ನನ್ನ ಅನುಭವ

ನನಗೆ ಸೀಲಿಯಾಕ್ ಕಾಯಿಲೆ, ಎಂದರೆ ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಅಂಟು ಪ್ರೋಟೀನಿಗೆ ದೇಹ ತಿರುಗಿಬಿದ್ದು ಸಣ್ಣ ಕರುಳು ಹಾಳಾಗುವ ಕಾಯಿಲೆ, ಇದೆಯೆಂದು ತಿಳಿದು ನಾಲ್ಕು ವರ್ಷಗಳಾದವು. ರಕ್ತಪರೀಕ್ಷೆಯಲ್ಲಿ ಈ ಕಾಯಿಲೆಯನ್ನು ಸೂಚಿಸುವ ಟಿಟಿಜಿ ಎಂಬ ಪ್ರತಿಕಾಯದ ಮಟ್ಟ ಹೆಚ್ಚಾಗಿ ಬಂದು, ಸಣ್ಣ ಕರುಳಿನ ಬಯಾಪ್ಸಿಯೂ ಅದನ್ನೇ ಹೇಳಿದ ಮೇಲೆ, ವೈದ್ಯರ ಚೀಟಿಯಲ್ಲಿ ಮಾತ್ರೆಯ ಹೆಸರೊಂದೂ ಇರಲಿಲ್ಲ. ಗೋಧಿ, ಬಾರ್ಲಿ, ರೈ ಈ ಮೂರನ್ನು ಜೀವನಪೂರ್ತಿ ಬಿಡಬೇಕು ಎಂಬ ಒಂದೇ ಸಾಲಿತ್ತು. ಮಾಂಸ, ಮೊಟ್ಟೆಗಳನ್ನು ನಾನು ಮೊದಲಿನಿಂದಲೂ ತಿನ್ನುವವಳಲ್ಲ. ಗ್ಲುಟೆನ್ ಇಲ್ಲದ ಅಡುಗೆಯ ಸಲಹೆಗಳಲ್ಲಿ ಹೆಚ್ಚಿನವು ಹಿಟ್ಟನ್ನು ಹಿಡಿದಿಡಲು ಮೊಟ್ಟೆಯನ್ನೇ ನೆಚ್ಚಿಕೊಂಡಿರುವುದರಿಂದ ಅವು ನನಗೆ ಅರ್ಧದಷ್ಟೇ ಉಪಯೋಗಕ್ಕೆ ಬಂದವು. ಉಳಿದರ್ಧವನ್ನು ಒಲೆಯ ಮುಂದೆ ನಿಂತೇ ಕಲಿತೆ. (ಅನುಮಾನವಿರುವವರು ಪರೀಕ್ಷೆಗೆ ಮೊದಲೇ ಗೋಧಿ ಬಿಟ್ಟುಬಿಡಬಾರದು, ಬಿಟ್ಟರೆ ಪ್ರತಿಕಾಯಗಳು ಇಳಿದು, ಕಾಯಿಲೆ ಇದ್ದರೂ ಇಲ್ಲವೆಂಬ ಫಲಿತಾಂಶ ಬರಬಹುದು.)

ಇದು ಹೊಸ ಕಾಲದ ಶೋಕಿಯಿರಬೇಕು ಎಂಬ ಗುಮಾನಿ ಮನೆಯಲ್ಲಿ ಕೆಲವರಿಗಿತ್ತು. ಅವರಿಗೆ ನಾನು ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆಯವರ ವಿಷಯ ಹೇಳಿದೆ. ಗೋಧಿಯೇ ಸೀಲಿಯಾಕ್ ಇರುವ ಮಕ್ಕಳಿಗೆ ಆಗದಿರಬಹುದು ಎಂದು ಅವರು ಶಂಕಿಸಿದ್ದರು. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, 1944-45ರಲ್ಲಿ, ಬ್ರೆಡ್ಡೇ ಸಿಗದೆ ಹೋದಾಗ ಅದೇ ಮಕ್ಕಳು ಚೇತರಿಸಿಕೊಂಡು, ಬ್ರೆಡ್ ಮತ್ತೆ ಬಂದಾಗ ಮತ್ತೆ ಕಾಯಿಲೆ ಬಿದ್ದದ್ದು ಆ ಶಂಕೆಯನ್ನು ಗಟ್ಟಿಮಾಡಿತು. ಈ ಕಥೆ ಕೇಳಿದ ಮೇಲೆ ‘ಒಂದು ತುತ್ತಿಗೇನಾಗುತ್ತದೆ’ ಎಂಬ ಮಾತು ನಮ್ಮ ಮನೆಯಲ್ಲಿ ನಿಂತಿತು.

ಮೊದಲ ಕೆಲವು ತಿಂಗಳು ನಾನು ಮಾಡಿದ ತಪ್ಪು ಗೋಧಿಯನ್ನು ಅಣಕಿಸಲು ಹೊರಟದ್ದು. ಜೋಳದ ಹಿಟ್ಟಿಗೆ ತಣ್ಣೀರು ಹಾಕಿ, ಗೋಧಿ ಹಿಟ್ಟನ್ನು ನಾದಿದಂತೆಯೇ ನಾದಿ, ಲಟ್ಟಿಸಲು ಕುಳಿತರೆ ಅಂಚೆಲ್ಲ ಬಿರಿದು, ಹೆಂಚಿಗೆ ಎತ್ತಿಹಾಕುವಷ್ಟರಲ್ಲಿ ನಾಲ್ಕು ಚೂರಾಗುತ್ತಿತ್ತು. ಗೋಧಿಯಲ್ಲಿ ನೀರು ಬಿದ್ದು ನಾದಿದೊಡನೆ ಗ್ಲಯಾಡಿನ್, ಗ್ಲುಟೆನಿನ್ ಎಂಬ ಎರಡು ಪ್ರೋಟೀನುಗಳು ಹೆಣೆದುಕೊಂಡು ಬಲೆಯಾಗುತ್ತವೆ. ಹಿಗ್ಗುವುದೂ ಹರಿಯದಿರುವುದೂ ಆ ಬಲೆಯ ಗುಣ. ಜೋಳದಲ್ಲಿ ಆ ಬಲೆಯಿಲ್ಲದ ಮೇಲೆ ಎಷ್ಟು ಹೊತ್ತು ನಾದಿದರೂ ಅದು ಹುಟ್ಟುವುದಿಲ್ಲ. ಹಾಗಾಗಿ ಹಿಡಿತದ ಕೆಲಸವನ್ನು ಪಿಷ್ಟಕ್ಕೆ ಒಪ್ಪಿಸಬೇಕು, ಪಿಷ್ಟ ಅಂಟಾಗುವುದಕ್ಕೆ ಬಿಸಿ ಬೇಕು. ಈಗ ನಾನು ಒಂದು ಲೋಟ ನೀರಿಗೆ ಉಪ್ಪು ಹಾಕಿ ಮರಳುವಂತೆ ಕುದಿಸಿ, ಒಂದು ಲೋಟ ಹಿಟ್ಟನ್ನು ಒಮ್ಮೆಲೇ ಸುರಿದು, ಒಲೆ ಆರಿಸಿ, ಹತ್ತು ನಿಮಿಷ ಮುಚ್ಚಿಡುತ್ತೇನೆ. ಕೈ ತಾಳುವಷ್ಟು ಬಿಸಿ ಇರುವಾಗಲೇ ಗಂಟಿಲ್ಲದಂತೆ ನಾದುತ್ತೇನೆ. ನಿಂಬೆಯಷ್ಟು ಹಿಟ್ಟನ್ನು ಉಂಡೆ ಮಾಡಿ ಹೆಬ್ಬೆರಳಿನಿಂದ ಒತ್ತಿದಾಗ ಅಂಚು ನುಣ್ಣಗಿದ್ದರೆ ಹದ ಬಂತು. ಬಿರುಕು ಬಿಟ್ಟರೆ ಅಂಗೈ ಒದ್ದೆ ಮಾಡಿಕೊಂಡು ಇನ್ನೊಮ್ಮೆ ನಾದಬೇಕು. ಹಿಟ್ಟು ಹಳೆಯದಾದಷ್ಟೂ ಬಿರುಕು ಹೆಚ್ಚು ಎನ್ನುವುದು ನನ್ನ ಅನುಭವ, ಆದ್ದರಿಂದ ಹದಿನೈದು ದಿನಕ್ಕೆ ಸಾಕಾಗುವಷ್ಟನ್ನೇ ಬೀಸಿಟ್ಟುಕೊಳ್ಳುತ್ತೇನೆ.

ಬ್ರೆಡ್ಡಿಗೆ ಈ ಉಪಾಯ ಸಾಲದು, ಏಕೆಂದರೆ ಅಲ್ಲಿ ಯೀಸ್ಟು ಬಿಟ್ಟ ಗಾಳಿಯನ್ನು ಹಿಡಿದಿಡಬೇಕಾಗುತ್ತದೆ. ಆ ಕೆಲಸಕ್ಕೆ ನನಗೆ ಒದಗಿದ್ದು ಇಸಬಗೋಲು. 120 ಗ್ರಾಂ ಜೋಳದ ಹಿಟ್ಟು, 100 ಗ್ರಾಂ ಅಕ್ಕಿ ಹಿಟ್ಟು, 80 ಗ್ರಾಂ ಮರಗೆಣಸಿನ ಪಿಷ್ಟ, 6 ಗ್ರಾಂ ಒಣ ಯೀಸ್ಟ್, 6 ಗ್ರಾಂ ಉಪ್ಪು, ಎರಡು ಚಮಚ ಎಣ್ಣೆ. ಇವಕ್ಕೆ 18 ಗ್ರಾಂ ಇಸಬಗೋಲನ್ನು 320 ಮಿಲಿಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ಕಲಕಿ, ಲೋಳೆಯಾದ ಮೇಲೆ ಸೇರಿಸುತ್ತೇನೆ. ಹಿಟ್ಟಿನ ತೂಕಕ್ಕಿಂತ ನೀರೇ ಹೆಚ್ಚಾಯಿತಲ್ಲ ಎಂದು ಗೋಧಿಯ ಅಭ್ಯಾಸವಿದ್ದವರು ಗಾಬರಿಯಾಗುತ್ತಾರೆ, ನಾನೂ ಗಾಬರಿಯಾಗಿ ಮೊದಲ ಸಲ ನೀರು ಕಡಿಮೆ ಮಾಡಿದ್ದೆ, ಇಟ್ಟಿಗೆ ಸಿಕ್ಕಿತು. ಇದನ್ನು ಎರಡೆರಡು ಬಾರಿ ಉಬ್ಬಿಸುವ ಅಗತ್ಯವಿಲ್ಲ. ಅಚ್ಚಿನಲ್ಲಿ ಒಮ್ಮೆ ಉಬ್ಬಿದ ಮೇಲೆ 200 ಡಿಗ್ರಿಯಲ್ಲಿ ಒಂದು ಗಂಟೆಯ ಆಸುಪಾಸು ಬೇಯಿಸಿ, ಒಳಗಿನ ಉಷ್ಣತೆ 98 ಡಿಗ್ರಿ ಮುಟ್ಟಿತೇ ಎಂದು ಥರ್ಮಾಮೀಟರ್ ಚುಚ್ಚಿ ನೋಡುತ್ತೇನೆ. ಪೂರ್ತಿ ಆರುವ ಮೊದಲು ಕೊಯ್ದರೆ ಚೆನ್ನಾಗಿ ಬೆಂದ ಬ್ರೆಡ್ಡಿನ ಒಳಗೂ ಮೇಣದಂತೆ ಚಾಕುವಿಗೆ ಮೆತ್ತಿಕೊಳ್ಳುತ್ತದೆ. ಈ ಕಾಯುವಿಕೆಯೇ ಇಡೀ ಕೆಲಸದಲ್ಲಿ ಕಷ್ಟದ್ದು.

ಉಳಿದ ಬದಲಿಗಳು ಸುಲಭದವು. ಗಟ್ಟಿ ಸಾರಿಗೆ ಮೈದಾದ ಬದಲು ತಣ್ಣೀರಿನಲ್ಲಿ ಕದಡಿದ ಅಕ್ಕಿ ಹಿಟ್ಟು, ತರಕಾರಿಯ ವಡೆಗಳನ್ನು ಕೂಡಿಸಲು ಕಡಲೆ ಹಿಟ್ಟು, ಕೇಕಿನಲ್ಲಿ ಒಂದು ಮೊಟ್ಟೆಯ ಜಾಗಕ್ಕೆ ಒಂದು ಚಮಚ ಅಗಸೆ ಪುಡಿಯನ್ನು ಮೂರು ಚಮಚ ನೀರಿನಲ್ಲಿ ನೆನೆಸಿದ ಲೋಳೆ.

ಇಷ್ಟೆಲ್ಲ ಮಾಡಿದರೂ ಆರು ತಿಂಗಳ ನಂತರದ ಪರೀಕ್ಷೆಯಲ್ಲಿ ಪ್ರತಿಕಾಯದ ಮಟ್ಟ ಇಳಿಯಬೇಕಾದಷ್ಟು ಇಳಿದಿರಲಿಲ್ಲ. ತಟ್ಟೆಯಲ್ಲಿ ಗೋಧಿಯಿಲ್ಲ, ಆದರೆ ದೇಹ ಇದೆ ಎನ್ನುತ್ತಿದೆ. ಒಂದು ಭಾನುವಾರ ಅಡುಗೆಮನೆಯ ಪ್ರತಿಯೊಂದು ಸಾಮಾನನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತ ಹೋದೆ. ಜರಡಿಯನ್ನು ಮಗುಚಿ ಮೇಜಿಗೆ ತಟ್ಟಿದಾಗ, ತೊಳೆದು ಒಣಗಿಸಿಟ್ಟಿದ್ದ ಅದರ ಅಂಚಿನ ಮಡಿಕೆಯಿಂದ ಬಿಳಿ ಪುಡಿ ಉದುರಿತು. ಮನೆಯವರ ಗೋಧಿ ಹಿಟ್ಟನ್ನೂ ನನ್ನ ಜೋಳದ ಹಿಟ್ಟನ್ನೂ ಅದೇ ಜರಡಿಯಲ್ಲಿ ಜರಡಿ ಹಿಡಿಯುತ್ತಿದ್ದೆವು. ಆಗ ಜೋಳವನ್ನು ಬೀಸಿಸುತ್ತಿದ್ದುದೂ ಗೋಧಿ ಬೀಸುವ ಗಿರಣಿಯಲ್ಲೇ.

ಅಂದು ನಾನು ಹಾಕಿದ ಲೆಕ್ಕ ಹೀಗಿದೆ. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಪ್ರಕಾರ ಗ್ಲುಟೆನ್ ಮುಕ್ತ ಎನ್ನಬೇಕಾದರೆ ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲುಟೆನ್ ಇರಬಾರದು. ಗೋಧಿ ಹಿಟ್ಟಿನಲ್ಲಿ ಹತ್ತರಲ್ಲೊಂದು ಪಾಲು ಪ್ರೋಟೀನು, ಅದರಲ್ಲಿ ಮುಕ್ಕಾಲಿಗೂ ಮಿಗಿಲು ಗ್ಲುಟೆನ್ ಎಂದಿಟ್ಟುಕೊಂಡರೆ, ಒಂದು ಕಿಲೋ ಜೋಳದ ಹಿಟ್ಟಿಗೆ ಒಂದೇ ಗ್ರಾಂ ಗೋಧಿ ಹಿಟ್ಟು ಬೆರೆತರೂ ಹತ್ತಿರ ಹತ್ತಿರ 80 ಮಿಲಿಗ್ರಾಂ ಆಗುತ್ತದೆ, ಎಂದರೆ ಮಿತಿಯ ನಾಲ್ಕು ಪಟ್ಟು. ಗಿರಣಿಯ ಕಲ್ಲಿನ ಸಂದಿಯಲ್ಲಿ ಉಳಿಯುವುದು ಒಂದು ಗ್ರಾಮಿಗಿಂತ ಎಷ್ಟೋ ಹೆಚ್ಚು. ಬೇಯಿಸಿದರೆ, ಹುರಿದರೆ ಗ್ಲುಟೆನ್ ಹಾಳಾಗುವುದೂ ಇಲ್ಲ. ಗೋಧಿಯ ತಿಂಡಿ ಕರಿದ ಎಣ್ಣೆಯಲ್ಲಿ ನನ್ನ ಹಪ್ಪಳ ಕರಿಯಬಾರದೆಂಬುದು ನನಗೆ ಹೊಳೆದದ್ದೂ ಆಮೇಲೆಯೇ.

ಜರಡಿ, ಮರದ ಸೌಟುಗಳು, ಲಟ್ಟಣಿಗೆ, ಗೀರುಬಿದ್ದ ನಾನ್‌ಸ್ಟಿಕ್ ಬಾಣಲೆ ಇವನ್ನು ಬದಲಾಯಿಸಿದೆ. ಸ್ಟೀಲು, ಗಾಜುಗಳನ್ನು ಸೋಪು ಹಾಕಿ ಚೆನ್ನಾಗಿ ತೊಳೆದರೆ ಸಾಕು. ಬೀಸಲು ಮನೆಗೊಂದು ಚಿಕ್ಕ ಯಂತ್ರ ತಂದೆ. ಬೇರೆ ಕಪಾಟು, ಬೇರೆ ಡಬ್ಬಿ ಎಂದು ಮನೆಯನ್ನು ಇಬ್ಭಾಗ ಮಾಡುವ ಪ್ರಯತ್ನ ನಮ್ಮಲ್ಲಿ ಮೂರು ವಾರವೂ ನಡೆಯಲಿಲ್ಲ. ಗೋಧಿ ಬೇಕೆನ್ನುವವರು ಕೊಂಡುತಂದ ಬ್ರೆಡ್ಡನ್ನು ತಮ್ಮ ತಟ್ಟೆಯಲ್ಲಿ ತಿನ್ನಬಹುದು, ಆದರೆ ಗಾಳಿಯಲ್ಲಿ ಹಾರುವ ಸಡಿಲ ಹಿಟ್ಟು ಮನೆಯೊಳಗೆ ಬರಕೂಡದು ಎಂಬ ಒಂದೇ ನಿಯಮ ಉಳಿಯಿತು.

ಕೊಳ್ಳುವಾಗ ಸಸ್ಯಾಹಾರದ ಗುರುತು ನೋಡಿ ಮೈಮರೆಯಬಾರದು. ಮಾಂಸದ ಬದಲಿಯೆಂದು ಮಾರುವ ಸೈಟನ್ ಎಂಬುದು ಶುದ್ಧ ಗ್ಲುಟೆನ್ನೇ. ಸೋಯಾ ಸಾಸಿನಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ, ಮಾಲ್ಟ್ ಎಂದರೆ ಹೆಚ್ಚಾಗಿ ಬಾರ್ಲಿ, ಇಂಗಿನ ಪುಡಿಗೆ ಗೋಧಿ ಹಿಟ್ಟು ಬೆರೆಸುವುದುಂಟು. ಓಟ್ಸ್ ಸ್ವತಃ ಹೆಚ್ಚಿನವರಿಗೆ ತೊಂದರೆ ಕೊಡದಿದ್ದರೂ ಹೆಚ್ಚಾಗಿ ಗೋಧಿಯೊಡನೆ ಬೆರೆತು ಬರುತ್ತದೆ. ಗ್ಲುಟೆನ್ ಮುಕ್ತ ಎಂದು ಬರೆದಿಲ್ಲದ ಓಟ್ಸ್ ನಾನು ತರುವುದಿಲ್ಲ. ಹೆಸರಿನಲ್ಲಿ ವೀಟ್ ಇದ್ದರೂ ಬಕ್‌ವೀಟ್ ಗೋಧಿಯ ಬಂಧುವಲ್ಲ.

ಗ್ಲುಟೆನ್ ಮುಕ್ತ ಎಂದು ಸಿದ್ಧವಾಗಿ ಸಿಗುವ ಬಿಸ್ಕತ್ತು, ಬ್ರೆಡ್ಡುಗಳ ಮೇಲೆ ನನಗೆ ಒಲವಿಲ್ಲ. ಅವುಗಳಲ್ಲಿ ಹಲವು ಬರೀ ಪಿಷ್ಟ, ನಾರೂ ಕಬ್ಬಿಣಾಂಶವೂ ಕಡಿಮೆ. ಕರುಳು ಹಾಳಾಗಿ ಕಬ್ಬಿಣ ಮೊದಲೇ ಕುಗ್ಗಿದ್ದ ನನಗೆ ಅದು ಹೊಂದುವ ಊಟವಲ್ಲ. ದಿನಕ್ಕೆ ಎರಡು ಹೊತ್ತು ಬೇಳೆ ಅಥವಾ ಮೊಳಕೆಕಾಳು, ಅದರ ಮೇಲೆ ನಿಂಬೆರಸ, ಊಟವಾದ ಒಂದು ಗಂಟೆಯವರೆಗೆ ಚಹಾ ಇಲ್ಲ. ವೈದ್ಯರು ಆಮೇಲೆ ಕೊಟ್ಟ ಕಬ್ಬಿಣದ ಮಾತ್ರೆಯ ಜೊತೆಗೆ ಇಷ್ಟನ್ನು ಪಾಲಿಸಿದೆ. ಎರಡನೆಯ ವರ್ಷದ ಹೊತ್ತಿಗೆ ಕಬ್ಬಿಣದ ಮಟ್ಟವೂ ಪ್ರತಿಕಾಯದ ಮಟ್ಟವೂ ಸರಿಯಾದವು.

ಪದರ ಪದರವಾಗಿ ಬಿಡಿಸಿಕೊಳ್ಳುವ ರೊಟ್ಟಿಯೊಂದು ಮಾತ್ರ ಇನ್ನೂ ನನಗೆ ಒಲಿದಿಲ್ಲ. ಕಳೆದ ವಾರ ಅಕ್ಕಿ ಹಿಟ್ಟಿಗೆ ಇಸಬಗೋಲನ್ನು ಧಾರಾಳವಾಗಿ ಹಾಕಿ ನೋಡಿದೆ. ಹರಿಯಲಿಲ್ಲ ನಿಜ, ಆದರೆ ಎರಡು ಕೈಯಿಂದ ಎಳೆದರೆ ರಬ್ಬರಿನಂತೆ ಹಿಗ್ಗಿ ಮತ್ತೆ ತನ್ನ ಜಾಗಕ್ಕೆ ಬಂದು ಕುಳಿತಿತು.